ಮೋಟಾರು ಹಾಯದ ಹಾದಿಗಳು



ಬ್ಯಾಂಕಿನಲ್ಲಿ ಕೃಷಿಸಾಲದ ಮೇಜಿಗೆ ವರ್ಷಗಟ್ಟಲೆ ಕುಳಿತವನಿಗೆ ಹೊಲದ ಕಾಗದ ಓದುವ ಚಟ ನಿವೃತ್ತಿಯ ನಂತರವೂ ಬಿಡುವುದಿಲ್ಲ. ಚತುಃಸೀಮೆಯಲ್ಲಿ ‘ಪೂರ್ವಕ್ಕೆ ಬಂಡಿ ಹಾದಿ’ ಎಂದು ಬರೆದಿರುತ್ತದೆ. ಸ್ಥಳಕ್ಕೆ ಹೋಗಿ ನೋಡಿದರೆ ಬಂಡಿಯೂ ಇಲ್ಲ, ಹಾದಿಯೂ ಇಲ್ಲ. ಎರಡೂ ಕಡೆಯವರು ವರ್ಷಕ್ಕೊಂದು ಸಾಲು ಒತ್ತುತ್ತ ಬಂದು, ಹಾದಿ ಬದುವಿನಷ್ಟಾಗಿರುತ್ತದೆ. ಕಾಗದದ ಮೇಲೆ ಮಾತ್ರ ಅದು ಇನ್ನೂ ಎರಡು ಬಂಡಿ ಎದುರುಬದುರು ಹೋಗುವಷ್ಟು ಅಗಲ. ಹಾಗಾದರೆ ಆ ಹಾದಿ ಯಾರದು? ಸರಕಾರದ್ದೆ, ಊರಿನದೆ, ಒತ್ತಿದವನದೆ, ನಡೆಯುವವನದೆ?

ನಾನು ಇಂದು ಬರೆಯಹೊರಟಿರುವುದು ನಮ್ಮ ಹೊಲದ ಹಾದಿಗಳ ವಿಷಯವಲ್ಲ, ಫ್ರಾನ್ಸ್ ದೇಶದ ಹಳ್ಳಿಗಾಡಿನ ಹಾದಿಗಳದು. ಆದರೆ ಪ್ರಶ್ನೆ ಅದೇ. ಅಲ್ಲಿ ಮೋಟಾರು ಗಾಡಿಗೆ ಪ್ರವೇಶವಿಲ್ಲದ, ಬಹಳ ಕಡೆ ಡಾಂಬರನ್ನೇ ಕಾಣದ, ಖಡಿ-ಮುರುಮ ಹಾಸಿ ಉರುಳು ಹೊಡೆದ ಹಾದಿಗಳು ನೂರಾರು ಕಿಲೋಮೀಟರ್ ಉದ್ದಕ್ಕೆ ಹಾಸಿಕೊಂಡಿವೆ. ಇಂದು ಅವುಗಳ ಮೇಲೆ ಸೈಕಲ್ಲುಗಳು ಓಡುತ್ತವೆ. ಸೈಕಲ್ ಸವಾರರ ಸುಖಕ್ಕಾಗಿಯೇ ಯಾರೋ ಮಾಡಿಸಿದ್ದು ಎಂದು ನೋಡಿದವರಿಗೆ ಅನ್ನಿಸಬೇಕು. ಹಾಗಿಲ್ಲ. ಒಂದು ಹಾದಿ ಹುಟ್ಟಿದ್ದು ದೋಣಿ ಎಳೆಯುವ ಕುದುರೆಗಾಗಿ, ಇನ್ನೊಂದು ಉಗಿಬಂಡಿಗಾಗಿ, ಮತ್ತೊಂದು ಎತ್ತು ಮತ್ತು ಕುರಿಗಾಗಿ. ಆ ಕೆಲಸಗಳೆಲ್ಲ ತೀರಿದ ಮೇಲೂ ಹಾದಿ ಹೇಗೆ ಉಳಿಯಿತು ಎಂಬುದೇ ಇದರಲ್ಲಿ ತಿಳಿಯಬೇಕಾದ ಸಂಗತಿ.

ನನ್ನ ತಂಗಿಯ ಮಗ ವಿಮಾನ ತಯಾರಿಸುವ ಕೆಲಸದ ಮೇಲೆ ತುಲೂಸ್ ಪಟ್ಟಣದಲ್ಲಿದ್ದಾನೆ. ಬೆಂಗಳೂರಿನ ಎಷ್ಟೋ ಇಂಜಿನಿಯರ ಹುಡುಗರಿಗೆ ತುಲೂಸ್ ಈಗ ನಮಗೆ ಸೊಲ್ಲಾಪುರವಿದ್ದಂತೆ, ಹೋಗಿ ಬರುವ ಊರು. ಅವನಲ್ಲಿಗೆ ಹೋಗಿ ಕೆಲವು ವಾರ ಇದ್ದಾಗ ನಾನು ಬಾಡಿಗೆಯ ಸೈಕಲ್ ಹಿಡಿದು ಮಿದಿ ಕಾಲುವೆಯ ದಂಡೆಯ ಮೇಲೆ ಒಂದಿಷ್ಟು ದೂರ ಹೋಗಿಬಂದೆ. ಅರವತ್ತು ದಾಟಿದ ಮೊಣಕಾಲಿಗೂ ಆ ಹಾದಿ ಭಾರವಾಗಲಿಲ್ಲ. ಕಾರಣ ಸರಳ. ನೀರಿನ ದಂಡೆ ಸಮತಟ್ಟು, ಏರು ಇರುವುದು ಲಾಕ್ ಬಂದಲ್ಲಿ ಮಾತ್ರ. ನೀರನ್ನು ಕಟ್ಟೆಯೊಳಗೆ ತುಂಬಿಸಿ ಇಳಿಸಿ ದೋಣಿಯನ್ನು ಮೆಟ್ಟಿಲು ಹತ್ತಿಸುವ ಬಾಗಿಲಿನ ಏರ್ಪಾಡೇ ಈ ಲಾಕ್.

ಈ ಮಿದಿ ಕಾಲುವೆಯ ಕತೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ತುಲೂಸ್‌ನಿಂದ ಮೆಡಿಟರೇನಿಯನ್ ಸಮುದ್ರದ ಅಂಚಿನ ಸೇತ್ ಊರಿನ ಬಳಿಯವರೆಗೆ ಇದರ ಉದ್ದ 240 ಕಿಲೋಮೀಟರ್. ಇದನ್ನು ತೋಡಿಸಿದ ಪಿಯರ್-ಪೋಲ್ ರಿಕೆ ಇಂಜಿನಿಯರನಲ್ಲ, ಉಪ್ಪಿನ ತೆರಿಗೆ ವಸೂಲಿಯ ಅಧಿಕಾರಿ. ಲೆಕ್ಕದ ಮನುಷ್ಯ! ಹದಿನಾಲ್ಕನೆಯ ಲೂಯಿ ದೊರೆ 1666ರಲ್ಲಿ ಅಪ್ಪಣೆ ಕೊಟ್ಟ. ತೊಡಕು ಇದ್ದದ್ದು ನೀರಿನದು. ಎರಡು ಸಮುದ್ರಗಳ ನಡುವೆ ನೋರೂಜ್ ಎಂಬಲ್ಲಿ ನೆಲ ಉಬ್ಬಿದೆ, ಸಮುದ್ರಮಟ್ಟದಿಂದ ಸುಮಾರು 190 ಮೀಟರ್ ಎತ್ತರ. ಕಾಲುವೆಯ ನೆತ್ತಿಗೆ ನೀರು ಎಲ್ಲಿಂದ ತರುವುದು? ರಿಕೆ ಉತ್ತರಕ್ಕಿರುವ ಕರಿಬೆಟ್ಟದ ಹಳ್ಳಗಳನ್ನೆಲ್ಲ ಸಣ್ಣ ಕಾಲುವೆಯಿಂದ ಕೂಡಿಸಿ, ಸೇಂ-ಫೆರೆಯೋಲ್ ಎಂಬಲ್ಲಿ ದೊಡ್ಡ ಕೆರೆ ಕಟ್ಟಿಸಿ, ಅಲ್ಲಿಂದ ನೋರೂಜ್‌ಗೆ ನೀರು ಇಳಿಸಿದ. ಅಲ್ಲಿಗೆ ಬಂದ ನೀರು ಇಬ್ಭಾಗವಾಗಿ ಒಂದು ಪಾಲು ಅಟ್ಲಾಂಟಿಕ್ ಕಡೆಗೆ, ಇನ್ನೊಂದು ಪಾಲು ಮೆಡಿಟರೇನಿಯನ್ ಕಡೆಗೆ ಹರಿಯುತ್ತದೆ. ಆ ನೀರು ತರುವ ಸಣ್ಣ ಕಾಲುವೆಯ ದಂಡೆಯೂ ಈಗ ಸೈಕಲ್ ಹಾದಿಯೇ. ನನಗೆ ಕೇಳಿದರೆ ದೊಡ್ಡ ಕಾಲುವೆಗಿಂತ ಅದೇ ಚೆಂದ. ಗಿಡಗಳ ನೆರಳು ಹೆಚ್ಚು, ಮಂದಿ ಕಡಿಮೆ.

ಸಾವಿರಾರು ಆಳುಗಳು ದುಡಿದರು, ಹೆಂಗಸರೂ ಬಹಳ ಮಂದಿ. ರಿಕೆ ಅವರಿಗೆ ತಿಂಗಳ ಪಗಾರ ಗೊತ್ತುಮಾಡಿದ್ದ. ಮಳೆ ಬಂದು ಕೆಲಸ ನಿಂತ ದಿನಕ್ಕೂ, ಹಬ್ಬದ ದಿನಕ್ಕೂ, ಕಾಯಿಲೆ ಬಿದ್ದ ದಿನಕ್ಕೂ ಪಗಾರ ಉಂಟು. ಹದಿನೇಳನೆಯ ಶತಮಾನದಲ್ಲಿ! ಖರ್ಚಿನ ದೊಡ್ಡ ಪಾಲಿಗೆ ತನ್ನ ಗಂಟನ್ನೇ ಒಡ್ಡಿದ. ಕಾಲುವೆ ಪೂರ್ತಿಯಾದದ್ದು 1681ರಲ್ಲಿ. ಅವನು ತೀರಿಕೊಂಡದ್ದು ಅದಕ್ಕೆ ಕೆಲವೇ ತಿಂಗಳ ಮೊದಲು, 1680ರಲ್ಲಿ. ಮಕ್ಕಳಿಗೆ ಕಾಲುವೆಯ ಜೊತೆಗೆ ದೊಡ್ಡ ಸಾಲವೂ ಬಂತು.

ಆ ಕಾಲದಲ್ಲಿ ದೋಣಿಗೆ ಯಂತ್ರವಿರಲಿಲ್ಲ. ದಂಡೆಯ ಮೇಲೆ ಕುದುರೆ ನಡೆಯುತ್ತಿತ್ತು, ಹಗ್ಗದ ಇನ್ನೊಂದು ತುದಿಗೆ ದೋಣಿ. ಹಗ್ಗಕ್ಕೆ ಅಡ್ಡ ಬರುವ ಒಂದು ಗಿಡ, ಒಂದು ಗೋಡೆ, ಒಂದು ಬೇಲಿ ಇದ್ದರೂ ದೋಣಿ ನಿಂತಂತೆಯೇ. ಆದ್ದರಿಂದ ಕಾಲುವೆ ತೋಡುವಾಗ ದಂಡೆಯ ಪಟ್ಟಿಯೂ ಕಾಲುವೆಯ ಆಸ್ತಿಯೇ ಆಯಿತು. ನದಿಗಳಿಗೆ ಬೇರೆ ನಿಯಮವಿತ್ತು. 1669ರ ರಾಜಾಜ್ಞೆಯ ಪ್ರಕಾರ, ದೋಣಿ ಎಳೆಯುವ ಕಡೆ 24 ಅಡಿ, ಎದುರು ದಂಡೆಯಲ್ಲಿ 10 ಅಡಿ ಜಾಗವನ್ನು ಹೊಲದ ಒಡೆಯ ತೆರೆದಿಡಬೇಕು. ಹೊಲ ಅವನದೇ, ಆದರೆ ಆ ಪಟ್ಟಿಯಲ್ಲಿ ಅವನು ಗಿಡ ನೆಡುವಂತಿಲ್ಲ, ಬೇಲಿ ಹಾಕುವಂತಿಲ್ಲ. ದೊರೆಗಳು ಹೋದರು, ಕ್ರಾಂತಿ ಆಯಿತು, ಅಡಿ ಹೋಗಿ ಮೀಟರ್ ಬಂತು. ಇಂದಿನ ಕಾನೂನು ಪುಸ್ತಕದಲ್ಲಿಯೂ ಅದೇ ಲೆಕ್ಕ ಇದೆ: 7.80 ಮೀಟರ್ ಮತ್ತು 3.25 ಮೀಟರ್. ಇಂಥ ಬೆಸಸಂಖ್ಯೆ ಕಾನೂನಿನಲ್ಲಿ ಹೇಗೆ ಬಂತು ಎಂದು ಗುಣಿಸಿ ನೋಡಿದರೆ ಒಳಗಿನಿಂದ ಹಳೆಯ 24 ಅಡಿ, 10 ಅಡಿ ಹೊರಬೀಳುತ್ತವೆ.

1857ರಲ್ಲಿ ಬೋರ್ದೋದಿಂದ ಸೇತ್‌ವರೆಗೆ ರೈಲು ಬಂತು. ಮರುವರ್ಷವೇ ಕಾಲುವೆಯನ್ನು 40 ವರ್ಷದ ಗುತ್ತಿಗೆಗೆ ಕೊಟ್ಟರು. ಯಾರಿಗೆ? ಅದೇ ರೈಲು ಕಂಪನಿಗೆ! ಎದುರಾಳಿಯ ಅಂಗಡಿಯ ಬೀಗದ ಕೈ ಕೈಗೆ ಬಂದವನು ಅಂಗಡಿಯನ್ನು ಹೇಗೆ ನಡೆಸುತ್ತಾನೆಂಬುದನ್ನು ವ್ಯಾಪಾರಸ್ಥರಿಗೆ ನಾನು ಹೇಳಬೇಕಾಗಿಲ್ಲ. ಕಾಲುವೆ ಸೊರಗಿತು. ಇಪ್ಪತ್ತನೆಯ ಶತಮಾನದಲ್ಲಿ ದೋಣಿಗೇ ಇಂಜಿನ್ ಬಂದು ಕುದುರೆ ಹೋಯಿತು, 1980ರ ದಶಕ ಮುಗಿಯುವ ಹೊತ್ತಿಗೆ ಸರಕು ದೋಣಿಯೂ ನಿಂತಿತು. 1996ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಉಳಿದ ದಂಡೆಯ ಮೇಲೆ ಈಗ ಸೈಕಲ್ ಓಡುತ್ತದೆ.

ತುಲೂಸ್‌ನಿಂದ ಹೊರಟರೆ ಮೊದಲ ಐವತ್ತು ಕಿಲೋಮೀಟರ್ ಹಾದಿಗೆ ಡಾಂಬರಿದೆ. ಓತ್-ಗರೋನ್ ಜಿಲ್ಲೆ ಮುಗಿದು ಓಡ್ ಜಿಲ್ಲೆ ಶುರುವಾಗುವಲ್ಲಿ ಡಾಂಬರು ಕತ್ತರಿಸಿದಂತೆ ನಿಂತು ಮಣ್ಣು-ಖಡಿಯ ಹಾದಿ ಶುರು. ಗಡಿಭಾಗದವರಾದ ನಮಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಅಕ್ಕಲಕೋಟೆಯಿಂದ ಬಸ್ಸಿನಲ್ಲಿ ಕಣ್ಣು ಮುಚ್ಚಿ ಕುಳಿತರೂ ರಾಜ್ಯ ಬದಲಾದದ್ದು ಬೆನ್ನಿಗೆ ತಿಳಿಯುತ್ತದೆ. ಅಲ್ಲಿಯೂ ಹಾದಿಯ ಖರ್ಚು ಆಯಾ ಜಿಲ್ಲೆಯದು, ಆದ್ದರಿಂದ ಹಾದಿಯ ಮೈ ಜಿಲ್ಲೆಗೊಂದು ತೆರ. ಮುಂದೆ ಕಾರ್ಕಾಸೋನ್ ದಾಟಿ ಬೆಜಿಯೇ ಕಡೆಗೆ ಹೋದಂತೆ ಕೆಲವು ಕಡೆ ಹಾದಿ ಸಣ್ಣ ಕಾಲುದಾರಿಯಾಗಿ, ಗಿಡದ ಬೇರುಗಳು ಎದ್ದು, ಸವಾರನ ಬೆನ್ನೆಲುಬನ್ನು ಎಣಿಸುತ್ತವೆ.

ಬೇರು ಎಂದೆನಲ್ಲ, ಆ ಗಿಡಗಳ ಸಂಗತಿಯೂ ಇದೆ. ಕಾಲುವೆಯ ಎರಡೂ ಮಗ್ಗುಲಲ್ಲಿ ಪ್ಲೇನ್ ಜಾತಿಯ 42,000 ಮರಗಳಿದ್ದವು. ಅವುಗಳಿಗೆ ಒಂದು ಬಗೆಯ ಬೂಸ್ಟಿನ ರೋಗ ತಗಲಿದ್ದು 2006ರಲ್ಲಿ ಕಂಡುಬಂತು. ಎರಡನೆಯ ಮಹಾಯುದ್ಧದ ಕೊನೆಗೆ ಅಮೆರಿಕದ ಸೈನ್ಯ ತಂದ ಮದ್ದುಗುಂಡಿನ ಕಟ್ಟಿಗೆಯ ಪೆಟ್ಟಿಗೆಗಳ ಜೊತೆ ಈ ರೋಗ ಯುರೋಪಿಗೆ ಬಂತೆಂದು ಹೇಳುತ್ತಾರೆ. ಔಷಧವಿಲ್ಲ. ಕಡಿದು ಸುಡುವುದೊಂದೇ ದಾರಿ. ಅರ್ಧಕ್ಕಿಂತ ಹೆಚ್ಚು ಮರ ಕಡಿದಾಗಿದೆ, ಬೇರೆ ಬೇರೆ ಜಾತಿಯ ಸಸಿ ನೆಡುತ್ತಿದ್ದಾರೆ. ನಾನು ಹೋದ ಕಡೆ ಒಂದು ಮೈಲಿ ಗುಹೆಯಂಥ ನೆರಳು, ಮುಂದಿನ ಮೈಲಿ ಬೋಳು ಬಿಸಿಲು. ಒಂದೇ ಜಾತಿಯ ಗಿಡ ಸಾಲಾಗಿ ನೆಡುವವರು ಇದನ್ನು ನೋಡಿ ಬರಬೇಕು.

ಇನ್ನು ರೈಲಿನ ಹಾದಿ. 1879ರಲ್ಲಿ ಲೋಕೋಪಯೋಗಿ ಮಂತ್ರಿ ಶಾರ್ಲ್ ದ ಫ್ರೇಸಿನೆ ಒಂದು ದೊಡ್ಡ ಯೋಜನೆ ತಂದ. ಪ್ರತಿ ಉಪಜಿಲ್ಲೆಯ ಕೇಂದ್ರಕ್ಕೂ ರೈಲು ಮುಟ್ಟಬೇಕು. ಸಾವಿರಾರು ಕಿಲೋಮೀಟರ್ ಹೊಸ ಮಾರ್ಗ ಗುರುತಾಯಿತು. ಮುಂದಿನ ತಲೆಮಾರಿಗೆ ಬಸ್ಸು, ಲಾರಿ ಬಂದವು. ಪ್ರಯಾಣಿಕರಿಲ್ಲದ ಸಣ್ಣ ಮಾರ್ಗಗಳು ಒಂದೊಂದಾಗಿ ಮುಚ್ಚಿದವು. ಹಳಿ ಕಿತ್ತರು. ಉಳಿದದ್ದು ಏನು? ಖಡಿಯ ಹಾಸು, ಸೇತುವೆ, ಸುರಂಗ, ಮತ್ತು ಸೈಕಲ್ ಸವಾರನಿಗೆ ಎಲ್ಲಕ್ಕಿಂತ ದೊಡ್ಡ ಆಸ್ತಿಯಾದ ಸಣ್ಣ ಏರು. ಉಗಿ ಇಂಜಿನಿಗೆ ನೂರಕ್ಕೆ ಎರಡು-ಮೂರಕ್ಕಿಂತ ಹೆಚ್ಚಿನ ಏರು ಕಷ್ಟ. ಹಾಗಾಗಿ ಗುಡ್ಡವನ್ನು ಕಡಿದು, ತಗ್ಗನ್ನು ತುಂಬಿ, ಹಾದಿಯನ್ನು ಮೊದಲೇ ಸಪಾಟು ಮಾಡಿಟ್ಟಿದ್ದರು.

ಈ ಕೆಲಸ ಮೊದಲು ದೊಡ್ಡದಾಗಿ ಆದದ್ದು ಬರ್ಗಂಡಿ ಸೀಮೆಯಲ್ಲಿ. ಜಿವ್ರಿ ಊರಿನಿಂದ ಹಳೆಯ ಮಠಕ್ಕೆ ಹೆಸರಾದ ಕ್ಲುನಿಯವರೆಗೆ 44 ಕಿಲೋಮೀಟರ್ ಹಳೆಯ ರೈಲು ಹಾದಿಯನ್ನು 1997ರಲ್ಲಿ ‘ವ್ವಾ ವೆರ್ತ್’, ಅಂದರೆ ಹಸಿರು ಹಾದಿ, ಎಂದು ತೆರೆದರು. ಕ್ಲುನಿಯಿಂದ ದಕ್ಷಿಣಕ್ಕೆ ಮುಂದುವರಿದರೆ ಬ್ವಾ-ಕ್ಲೇರ್ ಎಂಬ 1,600 ಮೀಟರ್ ಉದ್ದದ ರೈಲು ಸುರಂಗದೊಳಗೇ ಸೈಕಲ್ ಹೋಗುತ್ತದೆ. ಆದರೆ ಚಳಿಗಾಲದಲ್ಲಿ ಸುರಂಗಕ್ಕೆ ಬೀಗ. ಒಳಗೆ ಬಾವಲಿಗಳು ನಿದ್ದೆ ಮಾಡುತ್ತಿರುತ್ತವೆ, ಅವುಗಳಿಗೆ ತೊಂದರೆಯಾಗಬಾರದು. ಸವಾರರು ಗುಡ್ಡ ಹತ್ತಿ ಇಳಿದು ಹೋಗಬೇಕು. ಅಧಿಕಾರಿಗಳಿಗೆ ಬಾವಲಿಯ ನಿದ್ದೆಯ ಬಗ್ಗೆ ಇಷ್ಟು ಕಾಳಜಿ ಇರುವುದನ್ನು ನೋಡಿ ನನಗೆ ಸ್ವಲ್ಪ ನಗು ಬಂತು, ಆಮೇಲೆ ಗೌರವವೂ ಬಂತು.

ಹಾದಿ ಮೊದಲು, ಕಾನೂನು ಆಮೇಲೆ. ‘ಹಸಿರು ಹಾದಿ’ ಎಂಬ ಪದ ಫ್ರಾನ್ಸಿನ ರಸ್ತೆ ನಿಯಮಾವಳಿಯಲ್ಲಿ ಸೇರಿದ್ದು 2004ರ ಸೆಪ್ಟೆಂಬರಿನಲ್ಲಿ. ಮೋಟಾರಿಲ್ಲದ ವಾಹನ, ನಡೆಯುವವರು, ಕುದುರೆ ಸವಾರರು, ಇಷ್ಟು ಮಂದಿಗೆ ಮಾತ್ರ ಮೀಸಲು. ಬಾಯಲ್ಲಿ ಹೇಳುವ ಮೀಸಲಲ್ಲ; ನೀಲಿ ಚೌಕದ ಫಲಕ ಇರುತ್ತದೆ, ರಸ್ತೆ ಅಡ್ಡ ಬರುವಲ್ಲೆಲ್ಲ ಕಾರು ನುಸುಳದಂತೆ ಕಂಬವೋ ಗೇಟೋ ಇರುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ರೈಲು ನಿಂತೊಡನೆ ಆ ಪಟ್ಟಿಯನ್ನು ತುಂಡುತುಂಡಾಗಿ ಪಕ್ಕದ ಹೊಲದವರಿಗೆ ಮಾರಿಬಿಟ್ಟರೆ ಸರಕಾರಕ್ಕೆ ನಾಲ್ಕು ಕಾಸು ಜಮೆಯಾದೀತು. ಆದರೆ ನಲವತ್ತು ಕಿಲೋಮೀಟರ್ ಹಾದಿಯಲ್ಲಿ ನಾಲ್ಕು ಗುಂಟೆ ಹೋದರೂ ಉಳಿದ ನಲವತ್ತು ಕಿಲೋಮೀಟರಿಗೆ ಬೆಲೆ ಇಲ್ಲ. ಹೊಲವನ್ನು ಹಂಚಬಹುದು, ಹಾದಿಯನ್ನು ಹಂಚಲಾಗದು. ಆದ್ದರಿಂದ ಹಲವು ಕಡೆ ರೈಲಿನವರು ನೆಲದ ಒಡೆತನ ತಮ್ಮಲ್ಲೇ ಇಟ್ಟುಕೊಂಡು, ನೋಡಿಕೊಳ್ಳುವ ಹೊಣೆಯನ್ನು ಮಾತ್ರ ಜಿಲ್ಲೆಗೋ ಊರಿಗೋ ಬರೆದುಕೊಡುತ್ತಾರೆ. ಮುಂದೊಂದು ದಿನ ರೈಲು ಮತ್ತೆ ಬೇಕಾದರೆ ನೆಲ ಅಲ್ಲೇ ಇರುತ್ತದೆ. ಹಾಗೆ ಮಾಡದೆ ಮಾರಿಕೊಂಡ ಕಡೆಗಳೂ ಇವೆ. ಅಲ್ಲಿ ಹಾದಿ ಒಬ್ಬರ ಹಿತ್ತಲಿನ ಬೇಲಿಗೆ ಬಂದು ನಿಲ್ಲುತ್ತದೆ.

ಈಗ ಖಡಿಯ ಮಾತು. ಹಾದಿಗೆ ಖಡಿ ಸುರಿದುಬಿಟ್ಟರೆ ಆಯಿತೆಂದು ತಿಳಿಯಬಾರದು. ಸುರಿದು ಬಿಟ್ಟ ಖಡಿಯಲ್ಲಿ ಸೈಕಲ್ಲಿನ ಗಾಲಿ ಹೂತುಕೊಳ್ಳುತ್ತದೆ. ಮೇಲಿನ ಹುಲ್ಲುಮಣ್ಣು ತೆಗೆದು, ಕೆಳಗೆ ದಪ್ಪ ಖಡಿಯ ಹಾಸು ಹಾಕಿ, ಅದರ ಮೇಲೆ ಕೆಲವು ಅಂಗುಲ ಸಣ್ಣ ನುಚ್ಚು ಮತ್ತು ಕಲ್ಲುಪುಡಿ ಕೂಡಿದ ಪದರ ಹರಡುತ್ತಾರೆ. ಜಿಗುಟು ಬರಲೆಂದು ಕೆಲವೊಮ್ಮೆ ಸುಣ್ಣವೋ ಸಿಮೆಂಟೋ ಸ್ವಲ್ಪ ಬೆರೆಸುತ್ತಾರೆ. ನೀರು ಚಿಮುಕಿಸಿ ರೋಲರ್ ಹೊಡೆಯುತ್ತಾರೆ. ಪುಡಿ ಇದ್ದರೇ ನುಚ್ಚು ಒಂದನ್ನೊಂದು ಹಿಡಿಯುವುದು. ತೊಳೆದ ಖಡಿ ಹಿಡಿಯುವುದಿಲ್ಲ. ನಮ್ಮ ಕಡೆ ಮುರುಮ ಬಡಿದು ಅಂಗಳ ಮಾಡುವವರಿಗೆ ಈ ಗುಟ್ಟು ಗೊತ್ತು. ನಡು ತುಸು ಉಬ್ಬಾಗಿರಬೇಕು, ನೀರು ಎರಡೂ ಕಡೆ ಇಳಿಯಬೇಕು. ನೀರು ನಿಂತ ಕಡೆ ಒಂದೇ ಮಳೆಗಾಲಕ್ಕೆ ಗುಂಡಿ. ಎಲೆ ಉದುರಿ ಕೊಳೆತರೆ ಹಾದಿಯ ಮೇಲೆ ಮಣ್ಣಾಗಿ ಹುಲ್ಲು ಹುಟ್ಟುತ್ತದೆ. ಆದ್ದರಿಂದ ಮೊದಲ ಖರ್ಚು ಕಡಿಮೆಯಾದರೂ ಪ್ರತಿವರ್ಷದ ಖರ್ಚು ಬಿಡುವುದಿಲ್ಲ. ಡಾಂಬರಿನದು ಇದಕ್ಕೆ ವಿರುದ್ಧ, ಮೊದಲೇ ದೊಡ್ಡ ಗಂಟು.

ಡಾಂಬರೋ ಖಡಿಯೋ ಎಂಬ ಜಗಳ ಅಲ್ಲಿ ಊರೂರಿಗೂ ಇದೆ. ಮೊದಲನೆಯ ಹಸಿರು ಹಾದಿಗೇ ಡಾಂಬರು ಹಾಕಿದ್ದಾರೆ. ಅಂಗವಿಕಲರ ಗಾಲಿಕುರ್ಚಿ, ಮಕ್ಕಳ ತಳ್ಳುಗಾಡಿ, ದಿನವೂ ಕೆಲಸಕ್ಕೆ ಹೋಗುವವನ ಶುಭ್ರ ಪ್ಯಾಂಟು, ಇವೆಲ್ಲ ಡಾಂಬರಿನ ಪಕ್ಷ. ನೆರಳು, ನೆಲಕ್ಕೆ ಇಂಗುವ ಮಳೆ, ಕುದುರೆಯ ಗೊರಸು, ಇವು ಖಡಿಯ ಪಕ್ಷ. ನನ್ನ ಅಭಿಪ್ರಾಯ ಹೇಳಬಹುದಾದರೆ, ಊರಿನ ಮಗ್ಗುಲಿಗೆ ನಾಲ್ಕೈದು ಮೈಲಿ ಡಾಂಬರು ಇರಲಿ, ಆಚೆಗೆ ಖಡಿಯೇ ಇರಲಿ. ಖಡಿಯ ಮೇಲೆ ಯಾರೂ ವೇಗವಾಗಿ ಹೋಗುವುದಿಲ್ಲ. ಅಜ್ಜನೊಬ್ಬ ಮೊಮ್ಮಗುವಿನ ಕೈಹಿಡಿದು ನಡೆಯುವ ಹಾದಿಯಲ್ಲಿ ವೇಗವಿಲ್ಲದಿರುವುದೂ ಒಂದು ಸೌಕರ್ಯವೇ.

ಖಡಿ ಹಾದಿಗೆಂದೇ ಈಗ ಹೊಸ ಬಗೆಯ ಸೈಕಲ್ ಮಾರುತ್ತಾರೆ, ಬೆಲೆ ಕೇಳಿದರೆ ನಮ್ಮಲ್ಲಿ ಒಂದು ಜೋಡಿ ಎತ್ತು ಬಂದಾವು. ಅದರ ವಿಶೇಷವೇನೆಂದು ನೋಡಿದರೆ ಟಾಯರಿನ ದಪ್ಪ, ಸುಮಾರು 40 ಮಿಲಿಮೀಟರ್. ನಮ್ಮ ಹಾಲಿನವರ, ಅಂಚೆಯವರ ಕರಿಯ ಸೈಕಲ್ಲಿನ ಟಾಯರ್ ಮೇಲೆ 28 ಗುಣಿಲೆ ಒಂದೂವರೆ ಎಂದು ಬರೆದಿರುತ್ತದೆಯಲ್ಲ, ಆ ಒಂದೂವರೆ ಇಂಚು ಎಂದರೆ ಹೆಚ್ಚುಕಡಿಮೆ ಅದೇ 40 ಮಿಲಿಮೀಟರ್. ಫ್ರಾನ್ಸಿನಲ್ಲಿಯೂ ಇದು ಹೊಸದಲ್ಲ. ಸೇಂತ್-ಎತಿಯೆನ್ ಪಟ್ಟಣದ ಪೋಲ್ ದ ವಿವಿ, 1853ರಿಂದ 1930ರವರೆಗೆ ಬಾಳಿದವನು, ‘ವೆಲೋಸಿಯೋ’ ಎಂಬ ಹೆಸರಿನಿಂದ ಬರೆಯುತ್ತಿದ್ದ. ಕೆಟ್ಟ ಹಾದಿಗೆ ದಪ್ಪ ಟಾಯರು, ಗುಡ್ಡಕ್ಕೆ ಬದಲಾಗುವ ಗೇರು ಎಂದು ಜೀವನವಿಡೀ ಸಾರಿದ. ಪಂದ್ಯದವರು ನಕ್ಕರು. ನೂರು ವರ್ಷಕ್ಕೆ ಅವನ ಮಾತೇ ಅಂಗಡಿಗೆ ಬಂದಿದೆ.

ದಕ್ಷಿಣದ ಮಿದಿ ಸೀಮೆಯನ್ನು ಬಿಟ್ಟು ಈಗ ಫ್ರಾನ್ಸಿನ ಪಶ್ಚಿಮದ ಮೂಲೆಗೆ, ಸಮುದ್ರಕ್ಕೆ ಮೂಗು ಚಾಚಿದ ಬ್ರಿಟನಿಗೆ ಹೋಗೋಣ. ನಾನು ಹೇಳಿದ ಎಲ್ಲ ಬಗೆಯ ಹಾದಿಗಳೂ ಅಲ್ಲಿ ಕೂಡುತ್ತವೆ. ಇಂಗ್ಲಿಷರ ಯುದ್ಧನೌಕೆಗಳು ಸಮುದ್ರ ಕಟ್ಟಿಹಾಕಿದ್ದಾಗ, ಒಳನಾಡಿನಿಂದಲೇ ಬ್ರೆಸ್ತ್ ಬಂದರಿಗೆ ಸಾಮಾನು ಮುಟ್ಟಿಸಬೇಕೆಂದು ನೆಪೋಲಿಯನ್ ನಾಂತ್‌ನಿಂದ ಬ್ರೆಸ್ತ್‌ವರೆಗೆ ಕಾಲುವೆಗೆ ಅಪ್ಪಣೆ ಕೊಟ್ಟ. 1811ರಲ್ಲಿ ಶುರುವಾದದ್ದು ಮುಗಿದದ್ದು 1842ಕ್ಕೆ. ಅಷ್ಟರಲ್ಲಿ ನೆಪೋಲಿಯನ್ನೂ ಇಲ್ಲ, ಆ ಯುದ್ಧವೂ ಇಲ್ಲ. 360 ಕಿಲೋಮೀಟರಿಗೂ ಹೆಚ್ಚು ಉದ್ದ. ಗ್ಲೋಮೆಲ್ ಎಂಬಲ್ಲಿ ಗುಡ್ಡ ಸೀಳಿದ ಸುಮಾರು ಮೂರು ಕಿಲೋಮೀಟರಿನ ಕಂದಕವನ್ನು ಶಿಕ್ಷೆಯಾದ ಸೈನಿಕರಿಂದ ತೋಡಿಸಿದರು. ಇಂದು ಅದರ ಮಗ್ಗುಲಲ್ಲಿ ತಣ್ಣನೆಯ ನೆರಳಿನ ಹಾದಿ. 1930ರಲ್ಲಿ ಗೆರ್ಲೆದಾಂ ಎಂಬಲ್ಲಿ ಕಾಲುವೆಗೆ ಅಡ್ಡವಾಗಿ ವಿದ್ಯುತ್ತಿನ ಅಣೆಕಟ್ಟು ಎದ್ದು ಕಾಲುವೆ ಎರಡು ತುಂಡಾಯಿತು. ಲಾಕುಗಳೂ ಅವುಗಳ ಕಾವಲುಗಾರರ ಮನೆಗಳೂ ಹಿನ್ನೀರಿನ ತಳ ಸೇರಿದವು. 2015ರಲ್ಲಿ ಕೆರೆ ಬರಿದು ಮಾಡಿದಾಗ ಅವುಗಳನ್ನು ನೋಡಲು ಜಾತ್ರೆಯೇ ನೆರೆದಿತ್ತು. ದಂಡೆಯ ಹಾದಿ ಮುಳುಗಿದ ಆ ಜಾಗದಲ್ಲಿ ಸೈಕಲ್ ಸವಾರರು ಪಕ್ಕದ ಹಳೆಯ ರೈಲು ಹಾದಿಗೆ ಹೊರಳುತ್ತಾರೆ. ಅದು ಮೀಟರ್‌ಗೇಜ್, ನಮ್ಮ ಹೋಟಗಿ–ಗದಗ ಮಾರ್ಗ ಒಂದು ಕಾಲಕ್ಕೆ ಇದ್ದಂತೆ. ಆ ಗೇಜಿನ ಮಾರ್ಗಗಳೆಲ್ಲ ಕಾರೆ ಎಂಬ ಊರಿನಲ್ಲಿ ಕೂಡುತ್ತಿದ್ದವು; ಈಗ ಹಸಿರು ಹಾದಿಗಳು ಅದೇ ಊರಿನಲ್ಲಿ ಕೂಡುತ್ತವೆ.

ಇನ್ನು ಉಳಿದದ್ದು ಹೊಲದ ಹಾದಿ. ಫ್ರೆಂಚರು ‘ಶಮಾಂ ರ್ಯೂರಾಲ್’ ಎನ್ನುತ್ತಾರೆ. ಮಹಾರಾಷ್ಟ್ರದ ಕಾಗದಪತ್ರದಲ್ಲಿ ‘ಪಾಣಂದ ರಸ್ತೆ’ ಎಂದು ಬರುವುದಲ್ಲ, ಅಂಥದೇ. ಒಡೆತನ ಊರ ಪಂಚಾಯತಿಯದು, ಓಡಾಟ ಎಲ್ಲರದು. ಟ್ರ್ಯಾಕ್ಟರ್ ಬರುತ್ತದೆ, ಬೇರೆ ಗಾಡಿಗಳನ್ನು ಊರಿನ ಮೇಯರ್ ತಡೆಯಬಹುದು. ಕಾಲುವೆ ಮತ್ತು ರೈಲಿನ ಹಾದಿಗೆ ಬಲವಾದ ಸರಕಾರಿ ರಕ್ಷಣೆ ಇದೆ. ಇವಕ್ಕಿಲ್ಲ. ಇವನ್ನು ದುರಸ್ತಿ ಮಾಡಲೇಬೇಕೆಂಬ ಕಡ್ಡಾಯವೂ ಊರಿಗಿಲ್ಲ. ಪಕ್ಕದ ರೈತ ಹಾದಿಯನ್ನು ಉತ್ತು 30 ವರ್ಷ ಯಾರ ತಕರಾರಿಲ್ಲದೆ ಉಂಡರೆ ಅದು ಅವನದೇ ಆಗಬಹುದು. ನಮ್ಮ ಕಾಲಮಿತಿ ಕಾಯಿದೆಯಲ್ಲಿ ಖಾಸಗಿ ಜಮೀನಿಗೆ 12 ವರ್ಷ, ಸರಕಾರದ ಮೇಲೆ 30 ವರ್ಷ ಇರುವಂತೆಯೇ. ವಾಯಿದೆ ಮೀರಿದ ಪ್ರಾಮಿಸರಿ ನೋಟು ಕೈಯಲ್ಲಿ ಹಿಡಿದು ನಿಂತವನ ಮುಖ ನಾನು ನೋಡಿದ್ದೇನೆ. ಕಾಗದ ಇದೆ, ಹಕ್ಕು ಇಲ್ಲ.

ಯುದ್ಧದ ನಂತರ ಚೂರುಚೂರು ಹೊಲಗಳನ್ನು ಒಟ್ಟುಗೂಡಿಸಿ ಹಂಚುವ ಕಾರ್ಯಕ್ರಮ ದೇಶವಿಡೀ ನಡೆದಾಗ ಇಂಥ ಹಾದಿಗಳೂ ಅವುಗಳ ಬೇಲಿಸಾಲುಗಳೂ ಬಹಳ ಅಳಿದವು. ದೊಡ್ಡ ಯಂತ್ರಕ್ಕೆ ದೊಡ್ಡ ಹೊಲ ಬೇಕಾಗಿತ್ತು. 2022ರ ಫೆಬ್ರುವರಿಯಲ್ಲಿ ಬಂದ ಒಂದು ಕಾನೂನಿನಿಂದ, ಊರಿನವರು ತಮ್ಮ ಹಾದಿಗಳ ಪಟ್ಟಿ ಮಾಡಲು ಠರಾವು ಪಾಸು ಮಾಡಿದರೆ, ಪಟ್ಟಿ ನಡೆಯುವಷ್ಟು ಕಾಲ ಆ 30 ವರ್ಷದ ಎಣಿಕೆ ನಿಲ್ಲುತ್ತದೆ.

ಮಾರುವುದಕ್ಕೂ ಷರತ್ತಿದೆ. ಹಾದಿ ಜನರ ಬಳಕೆಯಲ್ಲಿ ಉಳಿದಿಲ್ಲವೆಂದು ಆಗಬೇಕು, ಊರಿನ ಮುಂದೆ ಬಹಿರಂಗ ವಿಚಾರಣೆ ಆಗಬೇಕು. ಬಳಕೆಯಲ್ಲಿದೆ ಎಂಬುದಕ್ಕೆ ಪುರಾವೆ ಏನು? ಕಾನೂನಿನಲ್ಲಿಯೇ ಬರೆದಿದೆ: ಜನ ಅದರ ಮೇಲೆ ಹಾದುಹೋಗುವುದು. ಇದನ್ನು ಓದಿದಾಗ ನನಗೆ ಬಹಳ ಸಂತೋಷವಾಯಿತು. ಭಾನುವಾರ ಸೈಕಲ್ ತುಳಿಯುತ್ತ ಹೋಗುವವನು ತನಗೆ ಗೊತ್ತಿಲ್ಲದೆಯೇ ಊರಿನ ಪರವಾಗಿ ಸಾಕ್ಷಿ ಹೇಳುತ್ತಿರುತ್ತಾನೆ. ಅವನ ಗಾಲಿಯ ಗೆರೆಯೇ ಸಹಿ. ಸಂಘದವರು ವರ್ಷಕ್ಕೊಮ್ಮೆ ಮುಳ್ಳು ಕಡಿದು ಇಂಥ ಹಾದಿಯಲ್ಲಿ ಒಂದು ಸುತ್ತು ಬರುವುದೂ ಬರೀ ಮೋಜಿಗಲ್ಲ.

ಬ್ರಿಟನಿಯ ಲೆಯೋನ್ ಸೀಮೆಯಲ್ಲಿ ಹೊಲದ ಹಾದಿಗೆ ಫ್ರೆಂಚ್ ಹೆಸರು ಬಳಕೆಯಲ್ಲಿಲ್ಲ. ‘ರಿಬಿನು’ ಎನ್ನುತ್ತಾರೆ. ಅದು ಬ್ರೆತೊನ್ ಭಾಷೆಯ ಮಾತು. ಬ್ರೆತೊನ್ ಫ್ರೆಂಚಿನ ಉಪಭಾಷೆಯಲ್ಲ, ಬೇರೆಯೇ ಕುಲದ್ದು, ವೆಲ್ಶ್ ಭಾಷೆಯ ಹತ್ತಿರದ ನಂಟು. ‘ಗಣರಾಜ್ಯದ ಭಾಷೆ ಫ್ರೆಂಚ್’ ಎಂಬ ವಾಕ್ಯವನ್ನು 1992ರಲ್ಲಿ ಫ್ರಾನ್ಸಿನ ಸಂವಿಧಾನಕ್ಕೆ ಸೇರಿಸಿದರು. ಅದಕ್ಕೂ ಮೊದಲೇ, 1977ರಲ್ಲಿ, ಮಕ್ಕಳಿಗೆ ಬ್ರೆತೊನ್‌ನಲ್ಲಿಯೇ ಪಾಠ ಹೇಳುವ ‘ದಿವಾನ್’ ಶಾಲೆಗಳನ್ನು ಪಾಲಕರು ತೆರೆದಿದ್ದರು. ನಮ್ಮ ದಿವಾನರಿಗೂ ಈ ಹೆಸರಿಗೂ ಸಂಬಂಧವಿಲ್ಲ. ಬ್ರೆತೊನ್‌ನಲ್ಲಿ ದಿವಾನ್ ಎಂದರೆ ಮೊಳಕೆ. ಹಣ ಎಲ್ಲಿಂದ ಬರಬೇಕು? ಕನ್ನಡ ಶಾಲೆಯ ಮಾಡಿಗೆ ಹಂಚು ಹಾಕಿಸಲು ಮನೆಮನೆ ಪಟ್ಟಿ ಎತ್ತಿದವರಿಗೆ ಈ ಪ್ರಶ್ನೆ ಹೊಸದಲ್ಲ. 1984ರಲ್ಲಿ ಜಾಂ-ಪೋಲ್ ಮೆಲುಎ ಎಂಬವರು ದಿವಾನ್ ಶಾಲೆಗೆ ಹಣ ಕೂಡಿಸಲೆಂದು ಒಂದು ಸೈಕಲ್ ಪಂದ್ಯ ಹೂಡಿದರು. ಹೆಸರು ‘ಟ್ರೋ ಬ್ರೋ ಲೆಯೋನ್’, ಲೆಯೋನ್ ಸೀಮೆಯ ಸುತ್ತು. ಓಟ ನಡೆಸಿದ್ದು ರಿಬಿನುಗಳ ಮೇಲೆ. ಕಲ್ಲು, ಧೂಳು, ಮಳೆ ಬಂದರೆ ಕೆಸರು, ನಡುವೆ ಹುಲ್ಲಿನ ದಿಂಡು.

ಆ ಪಂದ್ಯ ಇಂದಿಗೂ ನಡೆಯುತ್ತದೆ. ಈಗ ಅದು ಅಂತರರಾಷ್ಟ್ರೀಯ ಪಂದ್ಯ, ದೊಡ್ಡ ದೊಡ್ಡ ತಂಡಗಳು ಬರುತ್ತವೆ. ಭಾಷೆಯ ಕಡೆಯಲ್ಲಿ ತೊಡಕು ತೀರಿಲ್ಲ. ಇಡೀ ಶಾಲೆ ಪ್ರಾದೇಶಿಕ ಭಾಷೆಯಲ್ಲೇ ನಡೆಯುವ ಪದ್ಧತಿ ಸಂವಿಧಾನಕ್ಕೆ ಒಪ್ಪುವುದಿಲ್ಲವೆಂದು 2021ರ ಮೇ ತಿಂಗಳಲ್ಲಿ ಅಲ್ಲಿನ ಸಂವಿಧಾನ ಪರಿಷತ್ತು ತೀರ್ಪು ಕೊಟ್ಟಿತು. ದಿವಾನ್ ಶಾಲೆಗಳು ಬಾಗಿಲು ಹಾಕಿಲ್ಲ. ಅವುಗಳ ಹಿರಿಯ ಮಕ್ಕಳ ಶಾಲೆ ಇರುವುದು, ನಾನು ಮೇಲೆ ಹೇಳಿದ, ಹಸಿರು ಹಾದಿಗಳು ಕೂಡುವ ಕಾರೆ ಊರಿನಲ್ಲಿಯೇ.

ಪಂದ್ಯದಲ್ಲಿ ಗೆದ್ದವನಿಗೆ ಎಲ್ಲ ಕಡೆ ಇರುವಂಥದೇ ಬಹುಮಾನ. ಬ್ರಿಟನಿಯ ಸವಾರರಲ್ಲಿ ಮೊದಲು ಬಂದವನಿಗೆ ಮಾತ್ರ ಒಂದು ಜೀವಂತ ಹಂದಿಮರಿ ಕೊಡುತ್ತಾರೆ. ಅವನು ಮೈತುಂಬ ಧೂಳು ಮೆತ್ತಿಕೊಂಡು, ಕಿರುಚುವ ಮರಿಯನ್ನು ಎದೆಗೆ ಅವುಚಿಕೊಂಡು ಫೋಟೋಕ್ಕೆ ನಿಲ್ಲಬೇಕು. ಮರುದಿನ ಅದೇ ರಿಬಿನುವಿನ ಮೇಲೆ ಹೂಕೋಸು ಹೇರಿದ ಟ್ರ್ಯಾಕ್ಟರ್ ಹೋಗುತ್ತದೆ.